ಮನೆಗೆಲಸ: ಸಂಬಳ ಮಾತಾಡುವ ಮೊದಲು ಕೆಲಸ ಅಳೆಯಿರಿ

ಹೊಸ ಮನೆಗೆ ಕೆಲಸ ಕೇಳಲು ಹೋದವರು ಸಾಮಾನ್ಯವಾಗಿ ‘ತಿಂಗಳಿಗೆ ಎಷ್ಟು ಕೊಡ್ತೀರಿ’ ಎಂದೇ ಮಾತು ಶುರುಮಾಡುತ್ತಾರೆ. ಎಡವುವುದು ಅಲ್ಲೇ. ಮೊತ್ತ ಒಮ್ಮೆ ನಿಗದಿಯಾದರೆ ಅಲುಗಾಡುವುದಿಲ್ಲ, ಕೆಲಸ ಮಾತ್ರ ಬೆಳೆಯುತ್ತಲೇ ಹೋಗುತ್ತದೆ.

ಈಗ ಮಾಡುತ್ತಿರುವ ಮನೆಯಲ್ಲೇ ಒಂದು ವಾರ ಗಡಿಯಾರ ನೋಡಿ. ಗುಡಿಸಿ ಒರೆಸಲು, ಪಾತ್ರೆಗೆ, ಬಾತ್‌ರೂಮಿಗೆ ಎಷ್ಟೆಷ್ಟು ಹೊತ್ತು ಹಿಡಿಯಿತೆಂದು ಬೇರೆಬೇರೆಯಾಗಿ ಬರೆದುಕೊಳ್ಳಿ. ಅದು 35, 25, 20 ನಿಮಿಷ ಎಂದಿಟ್ಟುಕೊಂಡರೆ ದಿನಕ್ಕೆ 80 ನಿಮಿಷ, ವಾರದ ರಜೆ ಬಿಟ್ಟು ತಿಂಗಳ 26 ದಿನಕ್ಕೆ 34 ಗಂಟೆ 40 ನಿಮಿಷ. ಹಿಂದಿನ ಮನೆಯಿಂದ ಇಲ್ಲಿಗೆ ನಡೆಯುವ 15 ನಿಮಿಷ ಸೇರಿಸಿದರೆ 41 ಗಂಟೆ ದಾಟುತ್ತದೆ. ಸಂಬಳವನ್ನು ಈ 41ರಿಂದ ಭಾಗಿಸಿ ನೋಡಿ. ಹೆಚ್ಚು ಸಂಬಳದ ಮನೆಯೇ ಗಂಟೆ ಲೆಕ್ಕದಲ್ಲಿ ಕಡಿಮೆ ಕೊಡುತ್ತಿರುವುದೂ ಉಂಟು.

ಹೆಚ್ಚುವರಿ ಕೆಲಸ ಬರುವುದು ಸದ್ದಿಲ್ಲದೆ. ‘ಹೇಗೂ ಬಂದಿದ್ದೀಯಲ್ಲ, ಬಾಲ್ಕನಿಗೂ ಒಂದು ಪೊರಕೆ ಆಡಿಸಿಬಿಡು.’ ದಿನಕ್ಕೆ ಹತ್ತೇ ನಿಮಿಷ, ನಿಜ. ತಿಂಗಳಿಗೆ ಅದು 4 ಗಂಟೆ 20 ನಿಮಿಷ. ಸತತ ಮೂರು ದಿನ ಮಾಡಿದರೆ ನಾಲ್ಕನೆಯ ದಿನ ಯಾರೂ ಕೇಳುವುದೂ ಇಲ್ಲ, ಅದು ನಿಮ್ಮದೇ ಕೆಲಸ. ‘ಆಗಲ್ಲ’ ಎಂದರೆ ಮುಖ ಕೆಡುತ್ತದೆ. ‘ಮಾಡ್ತೀನಮ್ಮ, ಹಾಗಾದ್ರೆ ಇವತ್ತು ಕಿಟಕಿ ಒರೆಸೋದು ಬೇಡ್ವಾ? ದಿನಾ ಬೇಕಂದ್ರೆ ಸಂಬಳಕ್ಕೆ ಸೇರಿಸಿ’ ಎಂದು ಮೊದಲ ದಿನವೇ ಹೇಳುವುದು ವಾಸಿ.

ಒಪ್ಪಿಕೊಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ: ಯಾವ ಕೆಲಸ, ಎಷ್ಟು ಹೊತ್ತು, ವಾರದ ರಜೆ ಯಾವತ್ತು, ಸಂಬಳ ಯಾವ ತಾರೀಖು, ಮನೆಯವರೇ ಊರಿಗೆ ಹೋದರೆ ಆ ದಿನಗಳ ಸಂಬಳ ಉಂಟೋ ಇಲ್ಲವೋ. ಈ ಕೊನೆಯದನ್ನು ಬಹುತೇಕರು ಮರೆಯುತ್ತಾರೆ, ಜಗಳ ಹೆಚ್ಚಾಗಿ ಅದರ ಮೇಲೆಯೇ. ಓದಲು ಬಾರದಿದ್ದರೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಆದರೂ ಕಳಿಸಿಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ 189ನೇ ಒಡಂಬಡಿಕೆಯೂ ಷರತ್ತುಗಳು ಸಾಧ್ಯವಾದರೆ ಬರಹದಲ್ಲಿರಲಿ, ವಾರಕ್ಕೊಮ್ಮೆ ಕನಿಷ್ಠ 24 ಗಂಟೆ ಎಡೆಬಿಡದ ಬಿಡುವಿರಲಿ ಎನ್ನುತ್ತದೆ. ಅದು ಕಟ್ಟಿಹಾಕುವುದು ಅದನ್ನು ಅನುಮೋದಿಸಿದ ದೇಶಗಳನ್ನು ಮಾತ್ರ, ಆದರೂ ಕೇಳುವಾಗ ಆಧಾರಕ್ಕೆ ಒಳ್ಳೆಯದು.

ದರ ಏರಿಸಲು ಒಬ್ಬರೇ ಹೋದರೆ ‘ಬೇರೆಯವರು ಇಷ್ಟಕ್ಕೇ ಬರ್ತಾರೆ’ ಎಂಬ ಉತ್ತರ ಸಿದ್ಧವಿರುತ್ತದೆ. ಅದಕ್ಕೆ ಒಂದೇ ಕಟ್ಟಡದಲ್ಲಿ ಕೆಲಸ ಮಾಡುವ ಐದಾರು ಮಂದಿ ಮೊದಲೇ ಮಾತಾಡಿಕೊಳ್ಳಬೇಕು. ಎಲ್ಲರಿಗೂ ಒಂದೇ ಸಂಬಳ ಎಂದು ಹೊರಟರೆ ಒಪ್ಪಂದ ಮುರಿಯುತ್ತದೆ, ಏಕೆಂದರೆ ಮನೆಗಳ ಅಳತೆ ಬೇರೆ, ಕೈಯ ವೇಗ ಬೇರೆ. ಒಂದೊಂದು ಕೆಲಸಕ್ಕೆ ಇಷ್ಟಕ್ಕಿಂತ ಕೆಳಗೆ ಯಾರೂ ಇಳಿಯಬಾರದು ಎಂಬ ತಳದ ದರ ಮಾತ್ರ ನಿಶ್ಚಯಿಸಿ. ಜೊತೆಗೆ ಇನ್ನೊಂದು ಕಟ್ಟುಪಾಡು: ಒಬ್ಬರು ಬಿಟ್ಟ ಮನೆಗೆ, ಯಾಕೆ ಬಿಟ್ಟರೆಂದು ಅವರನ್ನೇ ಕೇಳದೆ ಇನ್ನೊಬ್ಬರು ಹೋಗಬಾರದು. ಕಷ್ಟದಲ್ಲಿರುವವರು ಕಡಿಮೆಗೆ ಒಪ್ಪಿಬಿಡುವುದು ಸಹಜ. ಯಾವ ಮನೆಯ ಕೆಲಸ ಖಾಲಿಯಾದರೂ ಅದನ್ನು ಮೊದಲು ಅವರಿಗೆ ಕೊಡಿಸುವುದೊಂದೇ ಅದಕ್ಕೆ ಮದ್ದು.

ಮುಂಗಡ ಹಣ ಬೇಕೇಬೇಕಾದರೆ ಒಂದು ತಿಂಗಳ ಸಂಬಳ ದಾಟದಿರಲಿ, ತಿಂಗಳಿಗೆ ಎಷ್ಟು ಕಡಿತವೆಂದು ಬರೆಸಿಕೊಳ್ಳಿ. ಸಾಲ ತೀರುವ ತನಕ ಆ ಮನೆ ಬಿಡುವ ಮಾತಿಗೆ ಬೆಲೆಯಿಲ್ಲ, ಅದು ಎದುರಿನವರಿಗೂ ಗೊತ್ತು.

ಕೈಗವಸು, ಬ್ರಷ್, ಫಿನಾಯಿಲ್ ಎಲ್ಲ ಮನೆಯವರ ಖರ್ಚು. ಬ್ಲೀಚ್‌ಗೆ ಟಾಯ್ಲೆಟ್ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಕಿರಿದಾದ ಬಾತ್‌ರೂಮಿನಲ್ಲಿ ಉಸಿರೇ ಕಟ್ಟುತ್ತದೆ. ಒಂದನ್ನು ಹಾಕಿದ ಮೇಲೆ ಚೆನ್ನಾಗಿ ನೀರು ಬಿಟ್ಟು ತೊಳೆಯದೆ ಇನ್ನೊಂದನ್ನು ಸುರಿಯಬೇಡಿ. ಬೆರೆಸಲು ಹೇಳಿದರೆ ಖಡಾಖಂಡಿತ ಬೇಡ ಎನ್ನಿ.

ಬಿಡುವಾಗ ಹದಿನೈದು ದಿನ ಮುಂಚೆ ತಿಳಿಸುವುದು ಎರಡೂ ಕಡೆಗೆ ಅನ್ವಯಿಸಲಿ. ಅವರೇ ದಿಢೀರ್ ಬಿಡಿಸಿದರೆ ಆ ಹದಿನೈದು ದಿನದ ಸಂಬಳ ಕೊಡಬೇಕೆಂದು ಸೇರುವ ದಿನವೇ ಅದೇ ಪುಸ್ತಕದಲ್ಲಿ ಬರೆಸಿಡಿ.