ಎಸರು ಕುದ್ದ ಮೇಲೆ ರೊಟ್ಟಿ ಒಲಿಯಿತು

ನಾನು ಮೈಸೂರು ಕಡೆಯವಳು. ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೆ ಆರು ತಿಂಗಳಾದರೂ ಜೋಳದ ರೊಟ್ಟಿ ಕೈಗೆ ಹತ್ತಲಿಲ್ಲ. ತಟ್ಟಿದ ಹಾಗೆಲ್ಲ ಅಂಚು ಬಿರಿಯುತ್ತಿತ್ತು. ಎತ್ತಿದರೆ ಎರಡು ಹೋಳು.

"ಎಸರು ಇನ್ನೂ ಕುದೀಲಿ, ತಡಿಯವ್ವಾ" ಎಂದು ಅತ್ತೆ ಕೈ ಹಿಡಿದ ದಿನ ತಪ್ಪು ಗೊತ್ತಾಯಿತು. ನಾನು ಸುಮ್ನೆ ಬೆಚ್ಚಗಿನ ನೀರು ಹಾಕುತ್ತಿದ್ದೆ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇದೆ, ನಾದಿದರೆ ಸಾಕು. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರೆಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಅಂಟೇ.

ಈಗ 2 ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ಎಸರು ಹಾಕುತ್ತೇನೆ. ಹಿಟ್ಟು ಹೊಸದಾಗಿ ಬೀಸಿದ್ದಾಗಿರಬೇಕು, ಹಳೆಯದಕ್ಕೆ ಜಿಗಿ ಇರುವುದಿಲ್ಲ. ಬಿಳಿಜೋಳದಲ್ಲಿ ಮಾಲದಂಡಿ ತಳಿ ಸಿಕ್ಕರೆ ಬಿಡುವುದೇ ಇಲ್ಲ. ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ, ಹಿಟ್ಟು ಉದುರಿಸಿ ಬಡಿಯುತ್ತೇನೆ. ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರುತ್ತೇನೆ. ಆ ನೀರು ಪೂರ್ತಿ ಆರುವ ಮೊದಲೇ ತಿರುವಬೇಕು. ತಡವಾದರೆ ಬಿರುಕು. ಸರಿಯಾಗಿ ತಿರುವಿದರೆ ಅಂಚಿನಿಂದ ಹಬೆ ಹೊರಟು, ರೊಟ್ಟಿ ನಿಧಾನಕ್ಕೆ ಉಬ್ಬುತ್ತದೆ. ಇಷ್ಟು ವರ್ಷವಾದರೂ ಆಗ ನಾನು ಬೇರೆ ಕಡೆ ನೋಡುವುದಿಲ್ಲ.

ಧಾರವಾಡದಲ್ಲಿದ್ದಾಗ ಮೇಲಿನ ಮನೆಯಲ್ಲಿ ಇಥಿಯೋಪಿಯಾದಿಂದ ಓದಲು ಬಂದ ಹುಡುಗಿ ಇದ್ದಳು. ಅವರ ರೊಟ್ಟಿ ಇಂಜೆರಾ. ಅದಕ್ಕೆ ಟೆಫ್ ಎಂಬ ಸಣ್ಣ ಧಾನ್ಯ ಬೇಕು, ಇಲ್ಲಿ ಸಿಗಲಿಲ್ಲ. "ನಮ್ಮೂರಲ್ಲಿ ಜೋಳದಲ್ಲೂ ಮಾಡುತ್ತೇವೆ ಅಕ್ಕಾ" ಎಂದು ನಮ್ಮನೆ ಹಿಟ್ಟನ್ನೇ ಒಯ್ದಳು. ನೀರಾಗಿ ಕಲಸಿ ಮೂರು ದಿನ ಹುಳಿ ಬರಿಸಿದಳು. ಆಮೇಲೆ ಅವಳು ಮಾಡಿದ್ದು ನೋಡಿ ನನಗೆ ಅತ್ತೆ ನೆನಪಾದರು. ಆ ಹಿಟ್ಟಿನಲ್ಲಿ ಸ್ವಲ್ಪ ತೆಗೆದು, ಕುದಿಯುವ ನೀರಿಗೆ ಹಾಕಿ ಗಂಜಿಯಂತೆ ಬೇಯಿಸಿ, ಮತ್ತೆ ಅದಕ್ಕೇ ಬೆರೆಸಿದಳು. ಅದೂ ಎಸರಿನ ಕೆಲಸವೇ ಅಲ್ವಾ! ಅದಕ್ಕೆ ಅವರು ಅಬ್ಸಿಟ್ ಎನ್ನುತ್ತಾರಂತೆ.

ದೋಸೆ ಕಾವಲಿಯಲ್ಲಿ ಸುತ್ತ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಬದಿ ಬೇಯಿಸಿದಳು. ಮೇಲೆಲ್ಲ ಸಣ್ಣ ಕಣ್ಣು ಕಣ್ಣು. ನಮ್ಮದನ್ನು ಮುರಿದು ಎಣ್ಣೆಗಾಯಿ ಹಚ್ಚಿಕೊಂಡು ತಿನ್ನುತ್ತೇವೆ. ಅವರು ಇಂಜೆರಾದ ಮೇಲೇ ಸಾರು, ಪಲ್ಯ ಬಡಿಸಿ, ಒಂದೇ ತಟ್ಟೆಯ ಸುತ್ತ ಕೂರುತ್ತಾರೆ. ಮೊದಲ ತುತ್ತನ್ನು ಸುತ್ತಿ ಅವಳು ತಾನು ತಿನ್ನಲಿಲ್ಲ, ನನ್ನ ಬಾಯಿಗಿಟ್ಟಳು. ಅದಕ್ಕೆ ಗುರ್ಶಾ ಎನ್ನುತ್ತಾರೆ. ನಾನೂ ಬಿಸಿ ರೊಟ್ಟಿಗೆ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿ ಅವಳ ಬಾಯಿಗಿಟ್ಟೆ.