ಪರದೆ ಕಪ್ಪಗಾದರೆ ಫಾರ್ಮ್ಯಾಟ್ ಮದ್ದಲ್ಲ

ಹಳೇ ಕಂಪ್ಯೂಟರ್ ಆನ್ ಆಗಲಿಲ್ಲವೋ, ಈಗಿನ ಹುಡುಗರ ಬಾಯಲ್ಲಿ ಎರಡೇ ಮಾತು: ‘ಫಾರ್ಮ್ಯಾಟ್ ಮಾಡಿಸಿ’, ಇಲ್ಲವೇ ‘ಗುಜರಿಗೆ ಹಾಕಿ’. ಫ್ಯಾನ್ ತಿರುಗುತ್ತಿದ್ದೂ ಪರದೆಯ ಮೇಲೆ ಒಂದಕ್ಷರವೂ ಮೂಡದಿದ್ದರೆ ಯಂತ್ರ ಸಾಮಾನ್ಯವಾಗಿ ಹಾರ್ಡ್ ಡಿಸ್ಕಿನವರೆಗೆ ಹೋಗಿಯೇ ಇರುವುದಿಲ್ಲ. ಫಾರ್ಮ್ಯಾಟ್ ಅಂತ ಆ ಡಿಸ್ಕನ್ನು ಪೂರ್ತಿ ಒರೆಸಿ, ಅದರೊಳಗಿನ ಮದುವೆ ಫೋಟೋಗಳನ್ನು ಅಳಿಸಿ ಏನು ಬಂತು?

ಗೋಡೆಯ ಸ್ವಿಚ್ಚು, ಯುಪಿಎಸ್, ಮಾನಿಟರ್ ಕೇಬಲ್ ನೋಡುವುದನ್ನು ನಾನು ಹೇಳಬೇಕಿಲ್ಲ. ಸಿಪಿಯು ಡಬ್ಬದ ಬೆನ್ನಿಗಿರುವ ಪುಟ್ಟ ಕರಿ ಸ್ವಿಚ್ಚನ್ನೂ ನೋಡಿ. ಗುಡಿಸುವಾಗ ಪೊರಕೆ ತಾಗಿ ಸೊನ್ನೆಯ ಕಡೆಗೆ, ಅಂದರೆ ಆಫ್ ಕಡೆಗೆ, ಬಿದ್ದಿರಬಹುದು.

ಎಲ್ಲ ಸರಿಯಿದ್ದೂ ಪರದೆ ಕಪ್ಪೇ? ಬೀಪ್ ಬೀಪ್ ಅಂತ ಬಿಡದೆ ಕೂಗುತ್ತಿದೆಯೇ? ಹೆಚ್ಚಿನ ಸಲ ಅದು ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿಯ, ಅಂದರೆ ರ್‍ಯಾಮಿನ ಗೋಳು, ಅದರಲ್ಲೂ ಮಳೆಗಾಲ ಮುಗಿಯುವ ಹೊತ್ತಿಗೆ. ತೇವಕ್ಕೂ ಧೂಳಿಗೂ ಅದರ ಹೊನ್ನಿನ ಬಣ್ಣದ ಹಲ್ಲುಗಳು ಮಂಕಾಗಿ, ಅದು ಕೂರುವ ಸ್ಲಾಟಿನ ಜೊತೆ ಸರಿಯಾಗಿ ಕೂಡುವುದಿಲ್ಲ. ಇದಕ್ಕೆ ಬೇಕಾದದ್ದು ಮಕ್ಕಳ ಕಂಪಾಸ್ ಪೆಟ್ಟಿಗೆಯ ಮೆತ್ತನೆ ಬಿಳಿ ರಬ್ಬರ್. ಇಂಕು ಅಳಿಸುವ ನೀಲಿ ರಬ್ಬರ್ ಬೇಡ, ಅದರ ತರಿ ಲೇಪವನ್ನೇ ಕೆರೆದುಬಿಡುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿಹಿಡಿದು ನಿಧಾನವಾಗಿ ಹದಿನೈದು ಎಣಿಸಿ, ಉಳಿದ ಕರೆಂಟು ಇಳಿಯಲಿ. ಡಬ್ಬದ ಬರಿ ಕಬ್ಬಿಣ ಮುಟ್ಟಿದ ಮೇಲೇ ಒಳಗೆ ಕೈ ಹಾಕಿ. ಸ್ಲಾಟಿನ ಎರಡೂ ತುದಿಯ ಕಿವಿಗಳನ್ನು ಹೊರಕ್ಕೆ ಬಾಗಿಸಿದರೆ ರ್‍ಯಾಮ್ ತಾನೇ ಮೇಲೇಳುತ್ತದೆ. ಅಂಚು ಹಿಡಿದು ಎತ್ತಿ, ಹಲ್ಲಿಗೆ ಬೆರಳು ತಾಗಿಸಬೇಡಿ, ಬೆವರೇ ಕಿಲುಬಿಗೆ ದಾರಿ. ಪಾತ್ರೆ ತಿಕ್ಕಿದಂತೆ ಹಿಂದೆ ಮುಂದೆ ಉಜ್ಜಲೂಬಾರದು. ಮೇಲಿನಿಂದ ತುದಿಯ ಕಡೆಗೆ, ಒಂದೇ ದಿಕ್ಕಿಗೆ, ಮಗುವಿನ ಕೆನ್ನೆ ಒರೆಸುವಷ್ಟು ಹಗುರವಾಗಿ ಎಳೆಯಿರಿ. ಎರಡೂ ಬದಿ, ಹೊಳಪು ಬರುವ ತನಕ. ರಬ್ಬರಿನ ಪುಡಿಯನ್ನು ಒಣ ಬ್ರಷ್ಷಿನಿಂದ ಕೊಡವಿ, ಸ್ಲಾಟಿನೊಳಗೂ ಅದೇ ಬ್ರಷ್ ಆಡಿಸಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಹುಣಸೆಹಣ್ಣು, ನಿಂಬೆಹುಳಿಯನ್ನಂತೂ ಹತ್ತಿರ ತರಬೇಡಿ. ಅದು ಹಿತ್ತಾಳೆ ದೀಪಕ್ಕೆ.

ಮತ್ತೆ ಕೂರಿಸುವಾಗ ರ್‍ಯಾಮಿನ ಸೀಳು ಸ್ಲಾಟಿನ ಗುಬುಟಿಗೆ ಸರಿಯಾಗಿ ಬರಲಿ, ಎರಡು ಹೆಬ್ಬೆರಳಿಂದ ಸಮನಾಗಿ ಒತ್ತಿ, ಎರಡೂ ಕಡೆ ‘ಟಕ್’ ಅನ್ನಬೇಕು. ಒಂದೇ ಕಡೆ ಕೂರಿಸಿ ‘ಮಾಡಿದ್ದೆ, ಆಗಲಿಲ್ಲ’ ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ.

ಹಾಗೇ ಫ್ಯಾನಿನ ಧೂಳನ್ನೂ ತೆಗೆಯಿರಿ, ರೆಕ್ಕೆಯನ್ನು ಬೆರಳಿಂದ ತಡೆದುಕೊಂಡು. ಹಿಂದೆ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿಗೆ ಕಸೂತಿಯ ಹೊದಿಕೆ ಹೊಲಿದು ಹಾಕುತ್ತಿದ್ದರು, ಆದರೆ ಆಫ್ ಮಾಡಿದ ಮೇಲೆ. ಆನ್ ಇರುವಾಗ ಮುಚ್ಚಿದರೆ ಒಳಗೆ ಬೇಯುತ್ತದೆ.

ಶುರುವಾಗಿ ತಾರೀಖು ಹಳೇ ಇಸವಿಗೆ ಹೋಗಿದ್ದರೆ, ಎಫ್1 ಒತ್ತು ಅನ್ನುತ್ತಿದ್ದರೆ, ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಮುಗಿದಿರಬಹುದು. ಸಿಆರ್2032 ಅಂತ ಕೇಳಿ ತನ್ನಿ, ಪ್ಲಸ್ ಗುರುತು ಮೇಲೆ ಬರಲಿ.

ಬಟನ್ ಒತ್ತಿದರೆ ಫ್ಯಾನೂ ಅಲುಗದಿದ್ದರೆ ಅನುಮಾನ ಯಂತ್ರಕ್ಕೆ ಕರೆಂಟು ಹಂಚುವ ಎಸ್‌ಎಂಪಿಎಸ್ ಮೇಲೆ. ಬೇರೊಂದನ್ನು ತಂದು ಜೋಡಿಸಿ ನೋಡಿ. ಅದರ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಜೀವ ಹೋಗುವಷ್ಟು ಕರೆಂಟು ಹಿಡಿದಿಟ್ಟುಕೊಂಡಿರಬಹುದು. ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿದ, ಪುಟ್ಟ ಉರುಳೆಯಂಥ ಕೆಪಾಸಿಟರ್ ಕಂಡರೆ ಅದು ರಿಪೇರಿಯವನ ಕೆಲಸ.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷೆ ಮಾಡಬೇಡಿ. ಆಫ್ ಮಾಡಿ, ಡಿಸ್ಕ್ ಬಿಚ್ಚಿಸಿ, ಮೊದಲು ಫೋಟೋಗಳನ್ನು ಬೇರೆ ಕಡೆಗೆ ತೆಗೆಸಿಕೊಳ್ಳಿ.