ಪರ್ಲ್ ರೆಜೆಕ್ಸನ್ನು ಪೈಥಾನ್‌ಗೆ ತರುವಾಗ ಎಲ್ಲಿ ಕೈಕೊಡುತ್ತದೆ

ಹಳೆಯ ಪರ್ಲ್ ಸ್ಕ್ರಿಪ್ಟೊಂದನ್ನು ಪೈಥಾನ್ 3ಕ್ಕೆ ತರಲು ಕೂತಾಗ ನಾನು ಹೆದರಿದ್ದು ಅದರಲ್ಲಿದ್ದ ಉದ್ದುದ್ದ ರೆಜೆಕ್ಸ್‌ಗಳಿಗೆ, ಅಂದರೆ ಪಠ್ಯದಲ್ಲಿ ಏನನ್ನು ಹುಡುಕಬೇಕು ಎಂದು ಹೇಳುವ ಪ್ಯಾಟರ್ನ್‌ಗಳಿಗೆ. ಅವು ತೊಂದರೆಯನ್ನೇ ಕೊಡಲಿಲ್ಲ. ಹೆಚ್ಚುಕಡಿಮೆ ಹಾಗೇ ಕಾಪಿ ಮಾಡಿದೆ, ಓಡಿದವು. ಕೈಕೊಟ್ಟಿದ್ದು ಒಂದು ಕಾಮಾ.

ಪ್ರತಿ ಸಾಲಿನ ಮೊದಲ ಕಾಮಾವನ್ನು ಟ್ಯಾಬ್ ಮಾಡುವ ಕೆಲಸ ಅದು. ಪರ್ಲ್‌ನಲ್ಲಿ ಬದಲಿಸುವ ಆದೇಶದ ಕೊನೆಗೆ ‘ಜಿ’ ಹಾಕದಿದ್ದರೆ ಮೊದಲು ಸಿಕ್ಕಿದ್ದು ಮಾತ್ರ ಬದಲಾಗುತ್ತದೆ. ಪೈಥಾನ್‌ನ ‘ಸಬ್’ ಸಿಕ್ಕಿದ್ದನ್ನೆಲ್ಲ ಬದಲಿಸಿಬಿಡುತ್ತದೆ. ‘12,ಫೈಲ್ ಸಿಕ್ಕಿಲ್ಲ,ಮತ್ತೆ ನೋಡಿ’ ಎಂಬ ಸಾಲು ಎರಡು ಕಾಲಮ್ ಆಗಬೇಕಿತ್ತು, ಮೂರಾಯಿತು. ಎರರ್ ಕೂಡ ಬರಲಿಲ್ಲ. ಹಾಗಾಗಿ ‘ಜಿ’ ಇಲ್ಲದ ಕಡೆಯೆಲ್ಲ ಮರೆಯದೆ ‘ಕೌಂಟ್=1’ ಕೊಡಿ.

ಸ್ಟ್ರಿಂಗ್‌ನಲ್ಲಿ ಪ್ಯಾಟರ್ನ್ ಇದೆಯೇ ಎಂದು ನೋಡಲು ಪರ್ಲ್‌ನ =~ ಬಳಸಿದ್ದಲ್ಲಿ ‘ಸರ್ಚ್’ ಬಳಸಿ. ‘ಮ್ಯಾಚ್’ ಅನ್ನುವ ಹೆಸರು ನೋಡಿ ಮೋಸಹೋಗಬೇಡಿ, ಅದು ಸ್ಟ್ರಿಂಗ್‌ನ ಶುರುವಿನಲ್ಲಿ ಮಾತ್ರ ಹುಡುಕುತ್ತದೆ. $1 (ಪ್ಯಾಟರ್ನ್‌ನ ಮೊದಲ ಆವರಣಕ್ಕೆ ಸಿಕ್ಕಿದ್ದು) ಇದ್ದಲ್ಲಿ ‘ಗ್ರೂಪ್(1)’ ಬರೆಯಿರಿ. ಒಂದು ವ್ಯತ್ಯಾಸವಿದೆ: ಪ್ಯಾಟರ್ನ್ ಹೊಂದದಿದ್ದರೆ ಪರ್ಲ್‌ನ $1 ಅದೇ ಬ್ಲಾಕ್‌ನಲ್ಲಿ ಮೊದಲು ಹೊಂದಿದ್ದರ ಬೆಲೆಯನ್ನೇ ಹಿಡಿದುಕೊಂಡಿರುತ್ತದೆ. ಪೈಥಾನ್ ‘ನನ್’ ಎಂಬ ಖಾಲಿ ಬೆಲೆ ಕೊಡುತ್ತದೆ, ಅದರ ಮೇಲೆ ‘ಗ್ರೂಪ್’ ಕರೆದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಬೀಳಲಿ ಬಿಡಿ. ನನ್ನದು ಹಾಗೆ ಬಿದ್ದಾಗಲೇ ಹಳೆಯದು ಸುಮ್ನೆ ತಪ್ಪು ನಂಬರ್ ಬರೆಯುತ್ತಿತ್ತು ಅಂತ ಗೊತ್ತಾಗಿದ್ದು.

ಪ್ಯಾಟರ್ನ್ ಒಳಗೆ ಬದಲಿಸುವುದು ಕಡಿಮೆ. ಕೋಟ್‌ನ ಮುಂದೆ ‘ಆರ್’ ಇಡಿ, ಇಲ್ಲವಾದರೆ ಬ್ಯಾಕ್‌ಸ್ಲ್ಯಾಶ್‌ಗಳು ಕಾಟ ಕೊಡುತ್ತವೆ. ಹೆಸರಿಟ್ಟ ಗುಂಪುಗಳಲ್ಲಿ ಪ್ರಶ್ನೆ ಚಿಹ್ನೆಯ ಪಕ್ಕ ದೊಡ್ಡ ‘ಪಿ’ ಸೇರಿಸಿ. ಸ್ಟ್ರಿಂಗ್‌ನ ಕೊನೆಯನ್ನು ತೋರಿಸುವ ಪರ್ಲ್‌ನ ‘ಬ್ಯಾಕ್‌ಸ್ಲ್ಯಾಶ್ ಚಿಕ್ಕ ಝಡ್’ 3.14ಕ್ಕಿಂತ ಹಳೆಯ ಪೈಥಾನ್‌ಗಳಲ್ಲಿ ದೊಡ್ಡ ‘ಝಡ್’ ಆಗಬೇಕು.

ಕನ್ನಡ ಪಠ್ಯವಿದ್ದರೆ ಇನ್ನೂ ಒಂದು ಗುಂಡಿ ಇದೆ. ಪದದ ಅಕ್ಷರಗಳನ್ನು ಒಟ್ಟಿಗೆ ಹಿಡಿಯುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್’ ಕೊಟ್ಟು ‘ಪುಸ್ತಕ’ ಹುಡುಕಿ ನೋಡಿ. ಯೂನಿಕೋಡ್ ಆಗಿ ಓದಿಸಿದರೆ ಪರ್ಲ್ ಇಡೀ ಪದ ಕೊಡುತ್ತದೆ. ಪೈಥಾನ್ ಜೊತೆಗೇ ಬರುವ ‘ಆರ್‌ಇ’ ಮಾಡ್ಯೂಲ್ ‘ಪ’, ‘ಸ’, ‘ತಕ’ ಅಂತ ಮೂರು ತುಂಡು ಮಾಡುತ್ತದೆ! ಕೊಂಬು, ಒತ್ತಿಗೆ ಬೇಕಾದ ವಿರಾಮ, ಇವೆರಡೂ ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ. ನಾನು ಅರ್ಧ ದಿನ ಫಾಂಟನ್ನು ಬೈದೆ. ಪೈಥಾನ್ ಮಾಡ್ಯೂಲ್‌ಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್‌ನಿಂದ ‘ರೆಜೆಕ್ಸ್’ ಮಾಡ್ಯೂಲ್ ಹಾಕಿಕೊಳ್ಳಿ, ಇಂಪೋರ್ಟ್ ಸಾಲಿನಲ್ಲಿ ಹೆಸರು ಬದಲಿಸಿ, ಪದ ಪೂರ್ತಿ ಸಿಗುತ್ತದೆ.